ಕಡಿಮೆ ಬಜೆಟ್‌ನ ಮಾರ್ಷಲ್ ಆರ್ಟ್ಸ್ ಕಿರುಚಿತ್ರ: ಮೂರು ಫೈಟ್ ಬೇಕಾ, ಒಂದೇ ಸಾಕಾ?

ಮೊದಲಶಾಟ್

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಸೇರಿ ಹತ್ತು ನಿಮಿಷದ ಒಂದು ಮಾರ್ಷಲ್ ಆರ್ಟ್ಸ್ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಕೈಯಲ್ಲಿ ದುಡ್ಡು ಇಲ್ಲವೇ ಇಲ್ಲ ಅನ್ನಬಹುದು. ನಮ್ಮಲ್ಲಿ ಇಬ್ಬರು ಚಿಕ್ಕಂದಿನಿಂದ ಕರಾಟೆ ಕಲಿತವರು, ಒಬ್ಬಳು ಜೂಡೋದವಳು. ಇನ್ನೊಬ್ಬ ಕ್ಯಾಮೆರಾ ನೋಡಿಕೊಳ್ಳುತ್ತಾನೆ, ನಿರ್ದೇಶನ ನನ್ನದು. ಒಂದು ಕ್ಯಾಮೆರಾ, 24 ಮತ್ತು 85 ಎಂಎಂ ಲೆನ್ಸ್, ಎರಡು ಎಲ್‌ಇಡಿ ಲೈಟ್. ಇಷ್ಟೇ ಬಂಡವಾಳ.

ಕಥೆ ಚಿಕ್ಕದು. ಗುರು ತೀರಿಕೊಂಡಿದ್ದಾರೆ. ಅವರ ಅಭ್ಯಾಸದ ಕೋಣೆಯ ಬೀಗದ ಕೈಗಾಗಿ ಇಬ್ಬರು ಶಿಷ್ಯರು ಎದುರುಬದುರಾಗುತ್ತಾರೆ. ಒಬ್ಬನಿಗೆ ಆ ಕೋಣೆ ಮಾರಬೇಕು. ಇನ್ನೊಬ್ಬಳಿಗೆ ಅಲ್ಲೇ ಪಾಠ ಮುಂದುವರಿಸಬೇಕು. ಸದ್ಯದ ಸ್ಕ್ರಿಪ್ಟ್‌ನಲ್ಲಿ ಮೂರು ಫೈಟ್ ಇವೆ. ಶುರುವಿನಲ್ಲಿ ಒಂದು, ನಡುವೆ ಮೂರು ಜನರ ಜೊತೆ ಒಂದು, ಕೊನೆಗೆ ಇವರಿಬ್ಬರದ್ದು.

ನನ್ನ ಪ್ರಶ್ನೆಗಳು: ಹತ್ತು ನಿಮಿಷಕ್ಕೆ ಮೂರು ಫೈಟ್ ಜಾಸ್ತಿ ಆಯ್ತಾ? ಒಂದೇ ಕ್ಯಾಮೆರಾದಲ್ಲಿ ಏಟು ನಿಜ ಅನ್ನಿಸುವ ಹಾಗೆ ತೆಗೆಯುವುದು ಹೇಗೆ? ನಮ್ಮ ಹುಡುಗರು "ಮೆಲ್ಲಗೆ ನಿಜವಾಗಿಯೇ ಹೊಡೆಯುತ್ತೇವೆ, ಚೆನ್ನಾಗಿ ಬರುತ್ತೆ" ಅನ್ನುತ್ತಿದ್ದಾರೆ. ಅದು ಸರಿಯಾ?

ಬೀಳುವವನು

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ. ಮುಖಕ್ಕಂತೂ ಬೇಡವೇ ಬೇಡ.

ನಾನು ಸಾಹಸ ದೃಶ್ಯಗಳಲ್ಲಿ ಏಟು ತಿಂದು ಬೀಳುವ ಕೆಲಸ ಮಾಡುತ್ತೇನೆ. ಅದಕ್ಕೇ ಈ ಮಾತು ಜೋರಾಗಿ ಹೇಳುತ್ತಿದ್ದೇನೆ. ಪ್ರೇಕ್ಷಕರು ಏಟು ಕೊಟ್ಟವನನ್ನು ನೋಡಿ ನಂಬುವುದಿಲ್ಲ, ತಿಂದವನನ್ನು ನೋಡಿ ನಂಬುತ್ತಾರೆ. ಮೆಲ್ಲಗೆ ತಾಗಿದ ನಿಜವಾದ ಗುದ್ದು ತೆರೆಯ ಮೇಲೆ ಮೆಲ್ಲಗೆ ತಾಗಿದ ಹಾಗೆಯೇ ಕಾಣುತ್ತದೆ. ಒಂದು ಗೇಣು ದೂರದಲ್ಲಿ ಹಾದುಹೋದ ಗುದ್ದು, ಎದುರಿನವನಿಗೆ ಟೈಮಿಂಗ್ ಗೊತ್ತಿದ್ದರೆ, ಹಲ್ಲು ಉದುರಿದ ಹಾಗೆ ಕಾಣುತ್ತದೆ.

ಒಂದು ಹುಕ್ ಪಂಚ್ ತೆಗೆದುಕೊಳ್ಳಿ. ಮುಷ್ಟಿ ಪಕ್ಕದಿಂದ ಬಂದು ಮುಖದ ಮುಂದೆ ಹಾದುಹೋಗುತ್ತದೆ. ತಿನ್ನುವವನ ತಲೆ ತಿರುಗಬೇಕಾದದ್ದು ಮುಷ್ಟಿ ಅವನ ಮೂಗಿನ ಗೆರೆ ದಾಟುವ ಕ್ಷಣಕ್ಕೆ. ಒಂದು ಚೂರು ಮೊದಲು ತಿರುಗಿದರೆ ತಪ್ಪಿಸಿಕೊಂಡ ಹಾಗೆ ಕಾಣುತ್ತದೆ. ಚೂರು ತಡವಾದರೆ ಎಲ್ಲಾ ಸುಳ್ಳು. ತಿರುಗುವುದಕ್ಕೂ ಒಂದು ಕ್ರಮ ಇದೆ. ಮೊದಲು ಗದ್ದ, ಆಮೇಲೆ ಭುಜ, ಆಮೇಲೆ ಸೊಂಟ, ಕೊನೆಗೆ ಕಾಲು. ಹೊಸಬರು ಇಡೀ ಮೈಯನ್ನು ಒಟ್ಟಿಗೆ ತಿರುಗಿಸುತ್ತಾರೆ, ಅಲ್ಲೇ ಗುಟ್ಟು ಬಯಲಾಗುತ್ತದೆ. ಏಟಿನ ನಂತರದ ಅರ್ಧ ಸೆಕೆಂಡ್ ಇನ್ನೂ ಮುಖ್ಯ. ಕಣ್ಣು ಎಲ್ಲಿ ಹೋಯಿತು, ಉಸಿರು ಸಿಕ್ಕಿತಾ, ಕೈ ಆಸರೆ ಹುಡುಕಿತಾ. ಅದನ್ನು ನಟಿಸದೆ ನೇರವಾಗಿ ಮುಂದಿನ ಒದೆಗೆ ಹೋದರೆ ಫೈಟ್ ಹೋಗಿ ಡ್ರಿಲ್ ಆಗುತ್ತದೆ.

ಕರಾಟೆ ಕಲಿತವರಿಗೆ ಇನ್ನೊಂದು ತೊಂದರೆ ಇದೆ. ಸ್ಪರ್ಧೆಯಲ್ಲಿ ಏಟು ಬರುವುದು ಎದುರಾಳಿಗೆ ಗೊತ್ತಾಗಬಾರದು. ಆದ್ದರಿಂದ ಅವರು ಕೈಯನ್ನು ಹಿಂದೆ ಎಳೆಯದೆಯೇ ಹೊಡೆಯುತ್ತಾರೆ, ಹೊಡೆದ ಕೂಡಲೇ ವಾಪಸ್ ಎಳೆದುಕೊಳ್ಳುತ್ತಾರೆ. ಕ್ಯಾಮೆರಾಕ್ಕೆ ಇದರ ಉಲ್ಟಾ ಬೇಕು. ಏಟು ಹೊರಡುವುದು ಕಾಣಬೇಕು, ಹಾದುಹೋದ ಮೇಲೂ ಕೈ ಮುಂದಕ್ಕೆ ಸಾಗಬೇಕು. ನಿಮ್ಮ ಹುಡುಗರ ಅಭ್ಯಾಸ ಇಲ್ಲಿಂದ ಶುರುವಾಗಲಿ. ಮೊದಲ ದಿನವೇ ಇಬ್ಬರಿಗೂ ತಿನ್ನುವ ಪಾತ್ರ ಕೊಡಿ.

ಎಡಿಟ್‌ಮೇಜು

ಮೂರು ಬೇಡ. ಒಂದೇ ಫೈಟ್ ಇಡಿ, ಅದನ್ನೇ ಮೂರು ಘಟ್ಟ ಮಾಡಿ.

ನಿಮ್ಮ ಕಥೆಯಲ್ಲಿ ಬೀಗದ ಕೈ ಇದೆ. ಅದು ಎಷ್ಟು ದೊಡ್ಡ ಉಪಕಾರ ಅಂತ ನಿಮಗೆ ಹೊಳೆದಿದೆಯೋ ಇಲ್ಲವೋ. ಬೀಗದ ಕೈ ಯಾರ ಬಳಿ ಇದೆ ಅನ್ನುವುದು ಬದಲಾದಾಗಲೆಲ್ಲ ಫೈಟ್ ಬದಲಾಗುತ್ತದೆ. ಮೊದಲ ಘಟ್ಟದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ನೋವಾಗದ ಹಾಗೆ ಬರೀ ಕಿತ್ತುಕೊಳ್ಳಲು ನೋಡುತ್ತಾರೆ. ಯಾಕಂದರೆ ಅವರು ಒಟ್ಟಿಗೆ ಕಲಿತವರು. ಎರಡನೆಯದರಲ್ಲಿ ಒಂದು ಏಟು ನಿಜವಾಗಿ ತಾಗಿಬಿಡುತ್ತದೆ, ಇಬ್ಬರೂ ಒಂದು ಕ್ಷಣ ನಿಲ್ಲುತ್ತಾರೆ. ಮೂರನೆಯದರಲ್ಲಿ ಬೀಗದ ಕೈಯನ್ನೇ ಮರೆತು ಹೊಡೆದಾಡುತ್ತಾರೆ. ನಡುವಿನ ಮೂರು ಜನ ಯಾರು? ಅವರಿಗೂ ಕೋಣೆಗೂ ಏನು ಸಂಬಂಧ? ಉತ್ತರ ಇಲ್ಲದಿದ್ದರೆ ತೆಗೆದುಹಾಕಿ. ಮೂರು ಜನರ ಊಟ, ಓಡಾಟ, ಬಟ್ಟೆ, ರಿಹರ್ಸಲ್ ಎಲ್ಲಾ ಉಳಿಯುತ್ತದೆ.

ಉದ್ದದ ಬಗ್ಗೆ ಒಂದು ಮಾತು. ಆಸ್ಕರ್ ನಿಯಮದ ಪ್ರಕಾರ 40 ನಿಮಿಷದವರೆಗೆ ಕಿರುಚಿತ್ರವೇ. ಆದರೆ ಚಿತ್ರೋತ್ಸವದವರು ಒಂದು ಪ್ರದರ್ಶನದಲ್ಲಿ ಹಲವು ಚಿತ್ರ ಜೋಡಿಸಬೇಕು. ಚಿಕ್ಕದಾಗಿದ್ದರೆ ಜಾಗ ಸಿಗುವುದು ಸುಲಭ. ನಿಮ್ಮದು ಏಳು ನಿಮಿಷಕ್ಕೆ ಬಂದರೆ ನಾನು ಖುಷಿಪಡುತ್ತೇನೆ.

ಇನ್ನು ಮುಖ್ಯ ವಿಷಯ: ಮೊದಲು ಇಡೀ ಫೈಟನ್ನು ಮೊಬೈಲ್‌ನಲ್ಲಿ ತೆಗೆದು ಎಡಿಟ್ ಮಾಡಿ. ಇದಕ್ಕೆ ಪ್ರೀವಿಜ್ ಅನ್ನುತ್ತಾರೆ. 2011ರ ಇಂಡೋನೇಷ್ಯಾದ 'ದಿ ರೇಡ್' ಚಿತ್ರದಲ್ಲಿ ನಿರ್ದೇಶಕ ಗರೆತ್ ಇವಾನ್ಸ್, ಇಕೊ ಉವೈಸ್ ಮತ್ತು ಯಾಯನ್ ರುಹಿಯಾನ್ ಜೊತೆ ಸೇರಿ ಫೈಟ್‌ಗಳನ್ನು ಹೀಗೆಯೇ ಮೊದಲು ವಿಡಿಯೊದಲ್ಲಿ ಕಟ್ಟಿ, ಆಮೇಲೆ ಸೆಟ್‌ಗೆ ಹೋದರು. ಇದಕ್ಕೆ ಬೇಕಾದದ್ದು ಸಮಯ ಮಾತ್ರ. ಪ್ರೀವಿಜ್‌ನಲ್ಲಿ ಬೇಜಾರಾದ ಜಾಗ ಒಳ್ಳೆಯ ಕ್ಯಾಮೆರಾದಲ್ಲೂ ಬೇಜಾರೇ.

ಕರಿಬೆಲ್ಟ್

ಎಡಿಟ್‌ಮೇಜು ಹೇಳಿದ್ದು ಬಹುಪಾಲು ಒಪ್ಪುತ್ತೇನೆ. ಆದರೆ ಕಟ್ ಕಟ್ ಕಟ್ ಅಂತ ತುಂಡು ಮಾಡಿದ ಫೈಟ್ ನೋಡಿದರೆ ನನಗೆ ನೋವಾಗುತ್ತದೆ. ಇಬ್ಬರು ವರ್ಷಗಟ್ಟಲೆ ಬೆವರು ಸುರಿಸಿ ಕಲಿತಿದ್ದಾರೆ. ಅವರ ಕಾಲು, ನಿಲುವು, ಸಮತೋಲನ ಪೂರ್ತಿ ಕಾಣಬೇಡವಾ? ಒಂದೇ ಉದ್ದ ಶಾಟ್‌ನಲ್ಲಿ ತೆಗೆಯಿರಿ. 2003ರ 'ಓಲ್ಡ್‌ಬಾಯ್' ಚಿತ್ರದ ಕಾರಿಡಾರ್ ಫೈಟ್ ನೋಡಿ. ಕ್ಯಾಮೆರಾ ಪಕ್ಕದಲ್ಲೇ ಸಾಗುತ್ತದೆ, ಕಟ್ ಇಲ್ಲ. ಸುಸ್ತಾಗುವುದೂ ಕಾಣುತ್ತದೆ.

ಎಡಿಟ್‌ಮೇಜು

ಆ ದೃಶ್ಯ ನನಗೂ ಪ್ರಾಣ. ಆದರೆ ಅದಕ್ಕೆ ಮೂರು ದಿನ, 17 ಟೇಕ್ ಹಿಡಿಯಿತು. ಅದೂ ನುರಿತ ತಂಡಕ್ಕೆ. ಉದ್ದ ಶಾಟ್‌ನಲ್ಲಿ ಒಂದು ಏಟಿನ ಟೈಮಿಂಗ್ ಹೋದರೆ ಇಡೀ ಶಾಟ್ ಹೋಗುತ್ತದೆ. ಹತ್ತನೇ ಟೇಕ್ ಹೊತ್ತಿಗೆ ಕಾಲು ಸೋತಿರುತ್ತದೆ. ಪೆಟ್ಟಾಗುವುದು ಆಗಲೇ.

ನಡುವಿನ ದಾರಿ ಒಂದಿದೆ. ಹಾಂಗ್‌ಕಾಂಗ್‌ನವರದ್ದು. ಇಡೀ ಫೈಟನ್ನು ಎಲ್ಲಾ ಕೋನದಿಂದ ಮತ್ತೆ ಮತ್ತೆ ತೆಗೆಯುವ ಪದ್ಧತಿ ಅಲ್ಲಿ ಇರಲಿಲ್ಲ. ನಾಲ್ಕೈದು ಚಲನೆಯ ಒಂದು ತುಂಡು, ಅದಕ್ಕೆ ಸರಿಯಾದ ಒಂದೇ ಕೋನ. ಅದು ಓಕೆ ಆದ ಮೇಲೆ ಮುಂದಿನ ತುಂಡು, ಬೇರೆ ಕೋನ. ಒಂದೇ ಕ್ಯಾಮೆರಾ ಇರುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ತುಂಡಿನಲ್ಲೂ ತಲೆಯಿಂದ ಕಾಲಿನವರೆಗೆ ಕಾಣುವ ಹಾಗೆ ಫ್ರೇಮ್ ಇಡಿ. ಕರಿಬೆಲ್ಟ್ ಕೇಳಿದ ನಿಲುವೂ ಸಿಗುತ್ತದೆ, ತಪ್ಪಾದರೆ ನಾಲ್ಕು ಚಲನೆ ಮಾತ್ರ ಮತ್ತೆ ಮಾಡಿದರೆ ಸಾಕು.

ಕಟ್ ಎಲ್ಲಿ ಮಾಡಬೇಕು? ಚಲನೆಯ ಮಧ್ಯೆ. ಒದೆ ಮೇಲೇಳುವಾಗ ಒಂದು ಶಾಟ್, ತಾಗುವಾಗ ಇನ್ನೊಂದು. ಎರಡನೇ ಶಾಟನ್ನು ಎರಡು ಮೂರು ಫ್ರೇಮ್ ಹಿಂದಿನಿಂದ ಶುರುಮಾಡಿ ನೋಡಿ. ಏಟು ತಾಗುವುದು ಒಂದು ಚೂರು ಎರಡು ಸಲ ಕಂಡ ಹಾಗಾಗುತ್ತದೆ. ಕಣ್ಣಿಗೆ ಅದು ಪುನರಾವರ್ತನೆ ಅನ್ನಿಸುವುದಿಲ್ಲ, ತೂಕ ಅನ್ನಿಸುತ್ತದೆ. ಜಾಕಿ ಚಾನ್ ಚಿತ್ರಗಳಲ್ಲಿ ಇದು ಧಾರಾಳವಾಗಿ ಇದೆ.

ಕರಿಬೆಲ್ಟ್

ನಾಲ್ಕೈದು ಚಲನೆ ಅಂದರೆ ಒಪ್ಪಿದೆ. ಆದರೆ ಕ್ಯಾಮೆರಾ ಕೈಯಲ್ಲಿ ಹಿಡಿದು ಅಲ್ಲಾಡಿಸುವುದು ಬೇಡ.

ಲೆನ್ಸ್‌ಕ್ಯಾಪ್

ಅಲ್ಲಾಡಿಸುವುದು ಬೇಡ ಅನ್ನುವುದಕ್ಕೆ ನನ್ನದೂ ಒಂದು ಮತ. ಹೊಡೆದಾಡಲು ಬಾರದ ನಟರನ್ನು ಮುಚ್ಚಲು ಆ ತಂತ್ರ. ನಿಮ್ಮ ಹತ್ತಿರ ಬಲ್ಲವರೇ ಇದ್ದಾರೆ.

85 ಎಂಎಂ ಲೆನ್ಸ್ ನಿಮ್ಮ ದೊಡ್ಡ ಆಸ್ತಿ. ಕ್ಯಾಮೆರಾವನ್ನು ದೂರ ಇಟ್ಟು ಅದರಲ್ಲಿ ತೆಗೆದರೆ ಇಬ್ಬರ ನಡುವಿನ ದೂರ ಕುಗ್ಗಿದ ಹಾಗೆ ಕಾಣುತ್ತದೆ. ಹೊಡೆಯುವವನ ಭುಜದ ಹಿಂದೆ ಅಥವಾ ತಿನ್ನುವವನ ತಲೆಯ ಹಿಂದೆ ಕ್ಯಾಮೆರಾ ಇರಲಿ. ಆಗ ಮುಷ್ಟಿಗೂ ಮುಖಕ್ಕೂ ಇರುವ ಗೇಣು ಕಾಣುವುದೇ ಇಲ್ಲ. ಇಬ್ಬರನ್ನೂ ಸರಿಯಾಗಿ ಪಕ್ಕದಿಂದ ತೆಗೆದರೆ ಮಾತ್ರ ಸಿಕ್ಕಿಬೀಳುತ್ತೀರಿ. ಪಕ್ಕದ ಕೋನವನ್ನು ಹಿಡಿತ, ತಳ್ಳಾಟ, ಪಟ್ಟು ಹಾಕುವುದು, ಕೈ ತಡೆಯುವುದು ಇಂಥವಕ್ಕೆ ಇಟ್ಟುಕೊಳ್ಳಿ. ಅಲ್ಲಿ ನಿಜವಾಗಿ ತಾಗುತ್ತದೆ. 24 ಎಂಎಂ ಅನ್ನು ಹತ್ತಿರದಿಂದ, ಕೆಳಗಿನಿಂದ ಬಳಸಿ. ಲೆನ್ಸ್ ಕಡೆಗೇ ಬರುವ ಒದೆ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾದವನಿಗೆ ಮಾತ್ರ ಒಬ್ಬರು ಹಿಂದೆ ನಿಂತು ಸೊಂಟ ಹಿಡಿದಿರಲಿ.

ಶಟರ್ ಬಗ್ಗೆ, ಅಂದರೆ ಒಂದೊಂದು ಫ್ರೇಮ್‌ಗೆ ಎಷ್ಟು ಹೊತ್ತು ಬೆಳಕು ಬೀಳುತ್ತದೆ ಅನ್ನುವುದರ ಬಗ್ಗೆ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಮಾಮೂಲಿ ಶಟರ್ ಸುಮಾರು 1/48 ಸೆಕೆಂಡ್. ಮೊಬೈಲ್ ಮತ್ತು ಹಲವು ಕ್ಯಾಮೆರಾಗಳಲ್ಲಿ 1/50 ಅಂತ ಇರುತ್ತದೆ. ಅದರಲ್ಲಿ ಕೈ ಬೀಸಿದರೆ ಮಸುಕಾಗುತ್ತದೆ. 1/100ಕ್ಕೆ ಹೋದರೆ ಏಟು ಚೂಪಾಗಿ ಕಾಣುತ್ತದೆ. ಇನ್ನೂ ಮೇಲೆ ಹೋದರೆ ಚಲನೆ ತಡೆದು ತಡೆದು ಬಂದ ಹಾಗಾಗುತ್ತದೆ. ಇಷ್ಟಕ್ಕೇ ನಿಲ್ಲಬೇಡಿ, ಲೈಟ್‌ಗಳ ಮಿನುಗು ನೋಡಿಕೊಳ್ಳಿ. 50 ಹರ್ಟ್ಸ್ ಕರೆಂಟ್ ಇರುವಲ್ಲಿ 1/50, 1/100 ಸುರಕ್ಷಿತ. 60 ಹರ್ಟ್ಸ್ ಇರುವಲ್ಲಿ 1/60, 1/120. ಅಗ್ಗದ ಎಲ್‌ಇಡಿ ಮಂದ ಮಾಡಿದಾಗ ಬೇರೆ ಥರ ಮಿನುಗುತ್ತದೆ. ಶೂಟಿಂಗ್‌ಗೆ ಮೊದಲೇ ಒಂದು ಟೆಸ್ಟ್ ತೆಗೆದು ದೊಡ್ಡ ಸ್ಕ್ರೀನ್‌ನಲ್ಲಿ ನೋಡಿ. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿ. ಆಟೋ ಬಿಟ್ಟರೆ ಯಾರಾದರೂ ಲೆನ್ಸ್ ಮುಂದೆ ಹಾದಾಗಲೆಲ್ಲ ಬೆಳಕು ಜಿಗಿಯುತ್ತದೆ.

ಒಂದು ಲೈಟನ್ನು ಹಿಂದಿನಿಂದ ಹಾಕಿ. ಅಂಚು ಬೆಳಗಿದರೆ ಕತ್ತಲ ಗೋಡೆಯ ಮುಂದೆಯೂ ಮೈ ಬಿಡಿಸಿಕೊಂಡು ಕಾಣುತ್ತದೆ. ಇಬ್ಬರ ಬಟ್ಟೆಯ ಬಣ್ಣ ಬೇರೆ ಬೇರೆ ಇರಲಿ. ದಡಬಡ ಕಟ್‌ಗಳ ನಡುವೆ ಯಾರು ಯಾರು ಅಂತ ಬಣ್ಣದಿಂದಲೇ ಗೊತ್ತಾಗುವುದು.

ಮೊದಲಶಾಟ್

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಮಧ್ಯದ ಫೈಟ್ ತೆಗೆದುಹಾಕಿದೆವು. ಶುರುವಿನದೂ ಹೋಯಿತು. ಈಗ ಒಂದೇ ಫೈಟ್, ಬೀಗದ ಕೈ ಲೆಕ್ಕದಲ್ಲಿ ಮೂರು ಘಟ್ಟ. ಮನಸ್ಸಿಗೆ ಹಗುರ ಆಯಿತು ಅಲ್ವಾ ಅಂತ ತಂಡದವರೆಲ್ಲ ಹೇಳುತ್ತಿದ್ದಾರೆ.

ಎರಡು ಅನುಮಾನ. ನಮ್ಮ ಜೂಡೋದವಳಿಗೆ ಎತ್ತಿ ಎಸೆಯುವ ಒಂದು ಪಟ್ಟು ಇಡಬೇಕು ಅಂತ ಆಸೆ. ಆದರೆ ಕೋಣೆಯದ್ದು ಗಟ್ಟಿ ನೆಲ. ಇನ್ನೊಂದು, ಕೆಲವು ಶಾಟ್ ಸ್ಲೋ ಮೋಷನ್ ಮಾಡಿದರೆ ಹೇಗೆ?

ಬೀಳುವವನು

ಎಸೆತ ಖಂಡಿತ ಇಡಿ. ಜೂಡೋದಲ್ಲಿ ಬೀಳುವುದನ್ನೇ ಮೊದಲು ಕಲಿಸುತ್ತಾರೆ, ಉಕೆಮಿ ಅಂತ. ಅವಳೇ ಹುಡುಗನಿಗೆ ಬೀಳುವುದನ್ನು ಕಲಿಸಲಿ. ಗದ್ದ ಎದೆಗೆ ಒತ್ತಿಕೊಂಡು, ತಲೆ ನೆಲಕ್ಕೆ ತಾಗದ ಹಾಗೆ, ಕೈಯಿಂದ ನೆಲವನ್ನು ಚಪ್ಪರಿಸುತ್ತಾ. ಕೈ ಊರಿ ತಡೆಯಲು ಹೋದರೆ ಮಣಿಕಟ್ಟು ಹೋಗುತ್ತದೆ.

ಗಟ್ಟಿ ನೆಲದ ಮೇಲೆ ಯಾರೂ ಬೀಳಬೇಕಾಗಿಲ್ಲ. ಮೂರು ಶಾಟ್ ಮಾಡಿ. ಒಂದನೆಯದರಲ್ಲಿ ಗಟ್ಟಿ ನೆಲದ ಮೇಲೆ ಹಿಡಿತ, ಸೊಂಟ ತಿರುಗುವುದು, ಅವನ ಕಾಲು ನೆಲ ಬಿಡುವುದು. ಅಷ್ಟಕ್ಕೇ ಕಟ್. ಅಲ್ಲಿಂದ ಅವನನ್ನು ಮೆಲ್ಲಗೆ ಇಳಿಸಲಿ. ಎರಡನೆಯದು ದಪ್ಪ ಮ್ಯಾಟ್ ಮೇಲೆ ಪೂರ್ತಿ ಎಸೆತ. ಫ್ರೇಮ್ ಸೊಂಟದಿಂದ ಮೇಲೆ ಮಾತ್ರ, ಆಗ ಮ್ಯಾಟ್ ಕಾಣುವುದಿಲ್ಲ. ಅವನು ಫ್ರೇಮ್‌ನಿಂದ ಕೆಳಗೆ ಜಾರಿ ಮಾಯವಾಗುತ್ತಾನೆ. ಮೂರನೆಯದರಲ್ಲಿ ಕ್ಯಾಮೆರಾ ನೆಲಮಟ್ಟದಲ್ಲಿ. ಅವನು ಗಟ್ಟಿ ನೆಲದ ಮೇಲೆ ಒಂದು ಪಕ್ಕಕ್ಕೆ ಕೂತ ಹಾಗಿದ್ದು, ಬೆನ್ನನ್ನು ಒಂದು ಅಡಿಗಿಂತ ಕಡಿಮೆ ಎತ್ತರದಿಂದ ಇಳಿಸುತ್ತಾನೆ. ಆ ಕ್ಷಣಕ್ಕೆ ಬಾಯಿಯಿಂದ ಉಸಿರು ಹೊರಗೆ ತಳ್ಳಬೇಕು. ಬಟ್ಟೆಗೆ ಸ್ವಲ್ಪ ಟಾಲ್ಕಮ್ ಪೌಡರ್ ಹಾಕಿದ್ದರೆ ಧೂಳು ಎದ್ದು, ಹಿಂದಿನ ಬೆಳಕಿನಲ್ಲಿ ಏಟು ಎರಡು ಪಟ್ಟು ಕಾಣುತ್ತದೆ. ಕಣ್ಣಿಗೆ, ಮೂಗಿಗೆ ಹೋಗದ ಹಾಗೆ ಚೂರೇ ಚೂರು ಹಾಕಿ.

ಮೂರೂ ಜೋಡಿಸಿ ನೋಡಿ. ನೋಡಿದವರು ಬೆನ್ನು ಮುಟ್ಟಿಕೊಳ್ಳುತ್ತಾರೆ.

ಎಡಿಟ್‌ಮೇಜು

ಸ್ಲೋ ಮೋಷನ್ ಏಟಿಗೆ ಬೇಡ, ಬೀಳುವುದಕ್ಕೆ ಇರಲಿ. 60 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಆಡಿಸಿದರೆ ವೇಗ 40 ಶೇಕಡಾಕ್ಕೆ ಇಳಿಯುತ್ತದೆ. ಆಗ ಗೇಣು ದೂರ ಹಾದುಹೋದ ಮುಷ್ಟಿ, ಮೊದಲೇ ಮುಚ್ಚಿದ ಕಣ್ಣು, ಎಲ್ಲಾ ಕಾಣುತ್ತದೆ. ಬೇಕಾದರೆ ಇದರ ಉಲ್ಟಾ ಮಾಡಿ. ಹಿಂದೆ ಫಿಲ್ಮ್‌ನಲ್ಲಿ 22 ಫ್ರೇಮ್‌ಗೆ ತೆಗೆದು 24ರಲ್ಲಿ ಓಡಿಸುತ್ತಿದ್ದರು, ಸುಮಾರು 9 ಶೇಕಡಾ ಚುರುಕು ಬರುತ್ತಿತ್ತು. ಈಗ ಎಡಿಟಿಂಗ್‌ನಲ್ಲೇ 105ರಿಂದ 110 ಶೇಕಡಾ ಮಾಡಬಹುದು. ಅದಕ್ಕಿಂತ ಮೇಲೆ ಹೋದರೆ ಕೂದಲು, ಬಟ್ಟೆಯ ತುದಿ ಗುಟ್ಟು ಬಿಟ್ಟುಕೊಡುತ್ತವೆ. ಈ ಸೌಲಭ್ಯ ಇರುವುದರಿಂದ ನಟರು ಪೂರ್ತಿ ವೇಗದಲ್ಲಿ ಹೊಡೆದಾಡುವ ಅಗತ್ಯವೇ ಇಲ್ಲ. ಮುಕ್ಕಾಲು ವೇಗ ಸಾಕು.

ಸದ್ದುಗಾರ

ಇಷ್ಟು ಹೊತ್ತಾದರೂ ಯಾರೂ ಸೌಂಡ್ ಮಾತೇ ಎತ್ತಲಿಲ್ಲ!

ಶೂಟಿಂಗ್‌ನಲ್ಲಿ ಬಂದ ಶಬ್ದದಲ್ಲಿ ಫೈಟ್ ಇರುವುದಿಲ್ಲ. ಅಲ್ಲಿರುವುದು ಚಪ್ಪಲಿ ಉಜ್ಜುವುದು, ಯಾರೋ ಎಣಿಸುವುದು, ಅಷ್ಟೇ. ಅದು ನಿಮಗೆ ಅನುಕೂಲವೇ. ಫೈಟ್ ನಡೆಯುವಾಗ ನೀವು ಗಟ್ಟಿಯಾಗಿ ಕೂಗಿ ಸೂಚನೆ ಕೊಡಬಹುದು. 1992ರ 'ಎಲ್ ಮಾರಿಯಾಚಿ'ಯನ್ನು ರಾಬರ್ಟ್ ರಾಡ್ರಿಗೆಜ್ ಸುಮಾರು 7,000 ಡಾಲರ್‌ನಲ್ಲಿ ಮುಗಿಸಿದ್ದು ಹೇಗೆ? ಚಿತ್ರ ತೆಗೆಯುವಾಗ ಧ್ವನಿ ಹಿಡಿಯಲಿಲ್ಲ. ಶಾಟ್ ಆದ ಮೇಲೆ ಅಲ್ಲೇ ನಟರಿಂದ ಮಾತು ಹೇಳಿಸಿ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡರು. ತುಟಿಗೆ ಮಾತು ಕೂಡದ ಕಡೆ ಬೇರೆ ಶಾಟ್‌ಗೆ ಕಟ್ ಮಾಡಿದರು. ಫೈಟ್‌ನಲ್ಲಿ ತುಟಿಯ ತೊಂದರೆಯೂ ಇಲ್ಲ.

ಏಟಿನ ಸದ್ದು ಒಂದೇ ಸದ್ದಲ್ಲ. ಕೆಳಗೆ ಒಂದು ದಪ್ಪ ಧಡ್, ನಡುವೆ ಚರ್ಮದ ಚಟ್, ಮೇಲೆ ಬೇಕಿದ್ದರೆ ಮೂಳೆಯ ಕಟಕ್. ಧಡ್‌ಗೆ ಸುತ್ತಿದ ದಪ್ಪ ಕಂಬಳಿಗೆ ಗುದ್ದಿ. ಚಟ್‌ಗೆ ಹಳೆಯ ಲೆದರ್ ಜಾಕೆಟ್. ಕಟಕ್‌ಗೆ ಸೆಲರಿ ಕಾಂಡ ಮುರಿಯುವುದು ಫೋಲಿ ಮಾಡುವವರ, ಅಂದರೆ ದೃಶ್ಯ ನೋಡುತ್ತಾ ಸದ್ದು ಸೃಷ್ಟಿಸುವವರ, ಹಳೇ ವಿದ್ಯೆ. ಗಾಳಿ ಸೀಳುವ ಸದ್ದಿಗೆ ತೆಳ್ಳಗಿನ ಕೋಲನ್ನು ಮೈಕ್ ಹತ್ತಿರ ಬೀಸಿ. ಹೊಟ್ಟೆಗೆ ಬಿದ್ದ ಏಟಿಗೆ ಕಟಕ್ ಹಾಕಬೇಡಿ. ಎಲ್ಲಾ ಏಟನ್ನೂ ಒಂದೇ ಎತ್ತರಕ್ಕೆ ಇಡಬೇಡಿ. ಹತ್ತು ಏಟಿನಲ್ಲಿ ದೊಡ್ಡವು ಎರಡು ಇದ್ದರೆ ಆ ಎರಡು ನೆನಪಿರುತ್ತವೆ.

ಉಸಿರನ್ನು ಬೇರೆಯಾಗಿ ರೆಕಾರ್ಡ್ ಮಾಡಿ. ನಟರು ಎಡಿಟ್ ಆದ ದೃಶ್ಯ ನೋಡುತ್ತಾ ನಿಂತಲ್ಲೇ ಜಿಗಿದು, ಏದುಸಿರು ಬಿಡುತ್ತಾ ಕೊಡಲಿ. ಎಡಿಟ್‌ಮೇಜು ಹೇಳಿದ ಆ ಎರಡನೇ ಘಟ್ಟ ಇದೆಯಲ್ಲ, ಏಟು ನಿಜವಾಗಿ ತಾಗಿ ಇಬ್ಬರೂ ನಿಲ್ಲುವುದು, ಅಲ್ಲಿ ಸಂಗೀತ ಪೂರ್ತಿ ತೆಗೆದು ಬರೀ ಉಸಿರು ಇಡಿ. ನನಗೆ ನಿಮ್ಮ ಇಡೀ ಚಿತ್ರ ಅಲ್ಲೇ ಕಾಣುತ್ತಿದೆ.

ಸಂಗೀತ ಅಂದ ಮೇಲೆ, ಯಾವುದೋ ಸಿನಿಮಾದ ಟ್ಯೂನ್ ತಾತ್ಕಾಲಿಕವಾಗಿ ಹಾಕಿಕೊಂಡು ಎಡಿಟ್ ಮಾಡಬೇಡಿ. ಕೈಬಿಡಲು ಮನಸ್ಸಾಗುವುದಿಲ್ಲ. ಬೇರೆಯವರ ಹಕ್ಕಿನ ಸಂಗೀತವನ್ನು ತಾನಾಗಿ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿ ಹಿಡಿಯುತ್ತದೆ, ಚಿತ್ರೋತ್ಸವದವರು ಹಕ್ಕಿನ ಪತ್ರ ಕೇಳುತ್ತಾರೆ.

ಮೊದಲಶಾಟ್

ಕೊನೆಯ ಘಟ್ಟದಲ್ಲಿ ಹುಡುಗ ಒಂದು ಚಾಕು ತೆಗೆಯುತ್ತಾನೆ ಅಂತ ಬರೆದಿದ್ದೇನೆ. ಮೊಂಡಾದ ನಿಜ ಚಾಕು ಸಾಕಾ?

ಬೀಳುವವನು

ಸಾಕಾಗುವುದಿಲ್ಲ, ಸೆಟ್‌ಗೆ ಬರಲೇಬಾರದು. ಮೊಂಡಾದರೂ ಲೋಹಕ್ಕೆ ಮೊನೆ ಇರುತ್ತದೆ. ರಬ್ಬರ್‌ನದು ತನ್ನಿ, ಅಂಚಿಗೆ ಬೆಳ್ಳಿ ಬಣ್ಣ ಹಚ್ಚಿ. ನೇರವಾಗಿ ಕ್ಯಾಮೆರಾ ಕಡೆ ಹಿಡಿಯದಿದ್ದರೆ ಗೊತ್ತಾಗುವುದಿಲ್ಲ. ಹೊರಗೆ ಎಲ್ಲಾದರೂ ಶೂಟ್ ಮಾಡುವುದಿದ್ದರೆ ರಬ್ಬರ್‌ನದಾದರೂ ಮೊದಲೇ ಪೊಲೀಸರಿಗೂ ಅಕ್ಕಪಕ್ಕದವರಿಗೂ ತಿಳಿಸಿ. ದೂರದಿಂದ ನೋಡಿದವರಿಗೆ ಅದು ನಿಜವಾದ ಚಾಕುವೇ.

ಕಥೆಯ ದೃಷ್ಟಿಯಿಂದ ಕೇಳಿದರೆ ಚಾಕು ಬೇಕಾ ಅಂತ ನನಗೆ ಅನುಮಾನ. ಒಟ್ಟಿಗೆ ಕಲಿತವರು. ಅವನು ಚಾಕು ತೆಗೆದ ಕೂಡಲೇ ಕೆಟ್ಟವನಾಗಿಬಿಡುತ್ತಾನೆ. ಆಮೇಲೆ ಅವನ ಮಾತನ್ನು ಯಾರೂ ಕೇಳುವುದಿಲ್ಲ.

ಕರಿಬೆಲ್ಟ್

ಹೌದು. ಬದಲಿಗೆ ಗುರು ಇಬ್ಬರಿಗೂ ಕಲಿಸಿದ ಒಂದೇ ಪಟ್ಟನ್ನು ಇಬ್ಬರೂ ಒಟ್ಟಿಗೆ ಹಾಕಲು ಹೋಗಿ ಸಿಕ್ಕಿಕೊಳ್ಳಲಿ. ಒಬ್ಬರ ಕೈ ಇನ್ನೊಬ್ಬರಿಗೆ ಬಾಯಿಪಾಠ. ಯಾರೂ ಗೆಲ್ಲಲು ಆಗುವುದಿಲ್ಲ. ಅದಕ್ಕೆ ಚಾಕುವಿಗಿಂತ ಜಾಸ್ತಿ ಧೈರ್ಯ ಬೇಕು.

ಮೊದಲಶಾಟ್

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ಚಾಕು ತೆಗೆದೆ. ಕರಿಬೆಲ್ಟ್ ಹೇಳಿದ್ದನ್ನೇ ಇಡುತ್ತಿದ್ದೇವೆ.

ನಮ್ಮ ಪ್ಲಾನ್ ಹೀಗೆ. ಮೊದಲು ನಿಧಾನದ ರಿಹರ್ಸಲ್. ಆಮೇಲೆ ಮೊಬೈಲ್ ಪ್ರೀವಿಜ್, ಅದಕ್ಕೆ ಕಚ್ಚಾ ಸೌಂಡ್. ಅದನ್ನು ನಮ್ಮ ತಂಡದಲ್ಲಿ ಇಲ್ಲದ ಒಬ್ಬರಿಗೆ ತೋರಿಸಿ, ಬೀಗದ ಕೈ ಯಾವಾಗ ಯಾರ ಬಳಿ ಇತ್ತು ಅಂತ ಕೇಳುತ್ತೇವೆ. ಹೇಳಲು ಆಗದಿದ್ದರೆ ಮತ್ತೆ ಕಟ್ಟುತ್ತೇವೆ. ಮಾತಿನ ದೃಶ್ಯಗಳನ್ನು ಮೊದಲು ಶೂಟ್ ಮಾಡುವುದಾ, ಫೈಟನ್ನಾ?

ಲೆನ್ಸ್‌ಕ್ಯಾಪ್

ಮಾತಿನ ದೃಶ್ಯ ಮೊದಲು. ಫೈಟ್‌ನಲ್ಲಿ ಕಾಲು ಉಳುಕಿದರೆ ಅಷ್ಟರಲ್ಲಿ ಉಳಿದದ್ದು ಕೈಯಲ್ಲಿರುತ್ತದೆ. ಫೈಟ್ ದಿನ ಇನ್ನೇನೂ ಇಟ್ಟುಕೊಳ್ಳಬೇಡಿ. ಬೆವರು, ಧೂಳು, ಹರಿದ ತೋಳು ಇವುಗಳ ಫೋಟೊ ಪ್ರತಿ ತುಂಡಿನ ಕೊನೆಗೆ ತೆಗೆದಿಡಿ. ಬಟ್ಟೆ ಎರಡು ಜೊತೆ ಇರಲಿ.

ಬೀಳುವವನು

ಇನ್ನೊಂದು ಕೆಲಸ ಇವತ್ತೇ ಮಾಡಿ. ಸೆಟ್‌ನಲ್ಲಿ ನಿಲ್ಲಿಸು ಅನ್ನುವ ಅಧಿಕಾರ ಯಾರಿಗೆ ಅಂತ ತೀರ್ಮಾನಿಸಿ. ಅದು ನೀವಾಗಬಾರದು. ನಿರ್ದೇಶಕರಿಗೆ ಯಾವಾಗಲೂ ಇನ್ನೊಂದು ಟೇಕ್ ಬೇಕಿರುತ್ತದೆ. ನಟಿಸದ, ಕ್ಯಾಮೆರಾ ಹಿಡಿಯದ ಒಬ್ಬರನ್ನು ಕರೆತನ್ನಿ. ಅವರ ಹತ್ತಿರ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಐಸ್, ಹತ್ತಿರದ ಆಸ್ಪತ್ರೆಯ ನಂಬರ್ ಇರಲಿ. ಅವರು "ಸಾಕು" ಅಂದರೆ ಕ್ಯಾಮೆರಾ ಓಡುತ್ತಿದ್ದರೂ ಎಲ್ಲರೂ ನಿಲ್ಲಬೇಕು.

ಪ್ರತಿ ಟೇಕ್‌ಗೂ ಮೊದಲು ನಟರು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ತಿನ್ನುವವನು ತಲೆಯಾಡಿಸಿದ ಮೇಲೇ ಏಟು ಹೊರಡಬೇಕು. ಮೊಣಕಾಲು, ಮೊಣಕೈ ಪ್ಯಾಡ್ ಬಟ್ಟೆಯೊಳಗೆ ಹಾಕಿಕೊಳ್ಳಿ. ಅದಕ್ಕೆ ತಕ್ಕ ಸಡಿಲ ಬಟ್ಟೆ ಈಗಲೇ ಆರಿಸಿ, ಶೂಟಿಂಗ್ ದಿನ ನೆನಪಾದರೆ ಪ್ರಯೋಜನ ಇಲ್ಲ. ಪ್ರೀವಿಜ್ ಆದ ಮೇಲೆ ಇಲ್ಲೇ ಹಾಕಿ, ಏಟು ತಿನ್ನುವುದನ್ನು ಒಂದೊಂದಾಗಿ ನೋಡಿ ಹೇಳುತ್ತೇನೆ.

ಮೊದಲಶಾಟ್

ಜೂಡೋದವಳ ತಂಗಿ ನರ್ಸಿಂಗ್ ಓದುತ್ತಿದ್ದಾಳೆ. ಅವಳೇ ಬರುತ್ತೇನೆ ಅಂದಳು. ಪ್ರೀವಿಜ್ ರೆಡಿ ಆದ ಕೂಡಲೇ ಲಿಂಕ್ ಹಾಕುತ್ತೇನೆ.